ಚೀನಾಕ್ಕೆ ಹೊರಟವನು ಸ್ಟೆಪ್ನಿಯಲ್ಲೇ ಉಳಿದ

1866ರ ಬೇಸಿಗೆ. ಜಗತ್ತಿನ ಅತಿ ಶ್ರೀಮಂತ ನಗರ ಅಂತ ಮೆರೀತಿದ್ದ ಲಂಡನ್‌ನ ಪೂರ್ವ ದಿಕ್ಕಿನ ಬಡ ಕೇರಿಗಳಿಗೆ ಕಾಲರಾ ಬಂದಿದೆ. ನಗರದ ಉಳಿದ ಭಾಗಕ್ಕೆಲ್ಲ ಹೊಸ ಒಳಚರಂಡಿ ಆಗಿದೆ. ಇಲ್ಲಿ ಮಾತ್ರ ಕಾಮಗಾರಿ ಪ್ರಗತಿಯಲ್ಲಿದೆ! ನೀರು ಪೂರೈಸೋ ಖಾಸಗಿ ಕಂಪನಿ ಸೋಸದ ನೀರನ್ನೇ ನಲ್ಲಿಗೆ ಬಿಟ್ಟಿದೆ. ಕೆಲವೇ ತಿಂಗಳಲ್ಲಿ ಲಂಡನ್ ಕಳೆದುಕೊಂಡಿದ್ದು 5,000ಕ್ಕೂ ಹೆಚ್ಚು ಜೀವ. ಅದರಲ್ಲಿ ಬಹುಪಾಲು ಈಸ್ಟ್ ಎಂಡ್ ಅನ್ನೋ ಈ ಭಾಗದವರೇ.

ಅದೇ ವರ್ಷ ಅಲ್ಲಿಗೆ ಬಂದಿಳಿದಿದ್ದ ಡಬ್ಲಿನ್‌ನ ಒಬ್ಬ ಯುವಕ. ಹೆಸರು ಥಾಮಸ್ ಜಾನ್ ಬರ್ನಾರ್ಡೊ. ವಯಸ್ಸು 21. ತುಪ್ಪಳದ ವ್ಯಾಪಾರಿಯ ಮಗ. ಆಳು ಗಿಡ್ಡ, ಆತ್ಮವಿಶ್ವಾಸ ಮಾತ್ರ ಆಕಾಶದೆತ್ತರ. ಚೀನಾಕ್ಕೆ ಹೋಗಿ ಕ್ರೈಸ್ತ ಮಿಷನರಿ ಆಗಬೇಕು ಅನ್ನೋದು ಆತನ ಕನಸು. ಹಡ್ಸನ್ ಟೇಲರ್ ಅನ್ನೋ ಪ್ರಸಿದ್ಧ ಮಿಷನರಿಯ ಮಾತು ಕೇಳಿ ಮನೆ ಬಿಟ್ಟು ಬಂದಿದ್ದ. ಚೀನಾಕ್ಕೆ ಹೋಗೋ ಮೊದಲು ವೈದ್ಯಕೀಯ ಕಲಿತರೆ ಒಳ್ಳೇದು ಅಂತ ಹಿರಿಯರು ಹೇಳಿದ್ದಕ್ಕೆ ಲಂಡನ್ ಹಾಸ್ಪಿಟಲ್‌ಗೆ ವಿದ್ಯಾರ್ಥಿಯಾಗಿ ಸೇರಿಕೊಂಡ. ಹಗಲು ಪಾಠ. ಸಂಜೆ, ಭಾನುವಾರ ಸ್ವಯಂಸೇವೆ. ಎಲ್ಲಿ? 'ರ‍್ಯಾಗೆಡ್ ಸ್ಕೂಲ್' ಅನ್ನುವ ಶಾಲೆಗಳಲ್ಲಿ. ಹೆಸರೇ ಹೇಳುತ್ತೆ ನೋಡಿ, ಹರಕು ಬಟ್ಟೆ ಮಕ್ಕಳ ಶಾಲೆ. ಬೇರೆ ಯಾವ ಶಾಲೆಯೂ ಒಳಗೆ ಬಿಟ್ಟುಕೊಳ್ಳದ ಮಕ್ಕಳಿಗೆ ಚರ್ಚಿನ ಭಕ್ತರು ಸಂಬಳವಿಲ್ಲದೆ ಅಕ್ಷರ ಹೇಳಿಕೊಡ್ತಿದ್ದ ಜಾಗ. ಬೈಬಲ್ ಪಾಠವಂತೂ ಇದ್ದೇ ಇರ್ತಿತ್ತು.

ವೀಕ್ಷಕರೇ, ಇವತ್ತು ಬೆಂಗಳೂರಿನ ಕಾಲೇಜು ಹುಡುಗರು ಶನಿವಾರ ಬಾಲಮಂದಿರಕ್ಕೆ ಹೋಗಿ ಇಂಗ್ಲಿಷು, ಲೆಕ್ಕ ಹೇಳಿಕೊಡ್ತಾರೆ. ಯುರೋಪ್, ಅಮೆರಿಕದಿಂದ ಚರ್ಚಿನ ತಂಡಗಳು ಬೇಸಿಗೆ ರಜೆಯಲ್ಲಿ ಬಡ ದೇಶಗಳ ಅನಾಥಾಶ್ರಮಗಳಿಗೆ ಬಂದು ಎರಡು ವಾರ ಇದ್ದು ಹೋಗ್ತವೆ. ಅವರೆಲ್ಲರಿಗೂ ಒಂದು ರೀತಿಯಲ್ಲಿ ಈ ಬರ್ನಾರ್ಡೊ ಮುತ್ತಾತ. ಆತನ ಕಥೆಯನ್ನ ಪೂರ್ತಿ ಹೇಳಬೇಕು. ಅರ್ಧ ಕಥೆ ಕೇಳಿದವರು ಆತನನ್ನ ದೇವರು ಅಂತಾರೆ, ಇನ್ನರ್ಧ ಕೇಳಿದವರು ಮಕ್ಕಳ ಕಳ್ಳ ಅಂತಾರೆ.

ಬರ್ನಾರ್ಡೊ ತಾನೇ ಹೇಳಿಕೊಂಡ ಪ್ರಸಂಗ ಇದು. ಕತ್ತೆ ಕಟ್ಟೋ ಕೊಟ್ಟಿಗೆಯೊಂದನ್ನ ಗುಡಿಸಿ, ಹಲಗೆ ಹಾಸಿ ಶಾಲೆ ಮಾಡಿದ್ದರು. ಚಳಿಗಾಲದ ಒಂದು ರಾತ್ರಿ ಪಾಠ ಮುಗೀತು. ಮಕ್ಕಳೆಲ್ಲ ಹೊರಟರು. ಒಬ್ಬ ಹುಡುಗ ಮಾತ್ರ ಒಲೆಯ ಹತ್ತಿರ ಕೂತೇ ಇದ್ದಾನೆ. ಹೆಸರು ಜಿಮ್ ಜಾರ್ವಿಸ್. ಎದ್ದು ಮನೆಗೆ ಹೋಗೋ, ನಿಮ್ಮಮ್ಮ ಕಾಯ್ತಿರ್ತಾಳೆ ಅಂದ ಬರ್ನಾರ್ಡೊ. ಅಮ್ಮ ಇಲ್ಲ ಅಂದ ಹುಡುಗ. ಅಪ್ಪ? ಅಪ್ಪನೂ ಇಲ್ಲ. ಮನೆ ಎಲ್ಲಿ? ಎಲ್ಲೂ ಇಲ್ಲ. ಬರ್ನಾರ್ಡೊಗೆ ನಂಬಿಕೆ ಬರಲಿಲ್ಲ. ಮೇಷ್ಟ್ರಿಗೆ ಸುಳ್ಳು ಹೇಳೋ ಹುಡುಗರು ಎಲ್ಲ ದೇಶದಲ್ಲೂ ಇರ್ತಾರಲ್ಲ! ನಿನ್ನ ಥರದವರು ಇನ್ನೂ ಇದ್ದಾರಾ ಅಂತ ಕೇಳಿದ. ಲೆಕ್ಕ ಇಲ್ಲದಷ್ಟು ಇದ್ದಾರೆ, ಬನ್ನಿ ತೋರಿಸ್ತೀನಿ ಅಂತ ಜಿಮ್ ಕರೆದುಕೊಂಡು ಹೋದ. ಮಧ್ಯರಾತ್ರಿ ದಾಟಿದ ಮೇಲೆ ಒಂದು ಗೋಡೆ ಹತ್ತಿಸಿ ಚಾವಣಿಯ ಮೇಲೆ ನಿಲ್ಲಿಸಿದ. ಅಲ್ಲಿ ಕೊರೆಯೋ ಚಳಿಯಲ್ಲಿ ಹೊದಿಕೆ ಇಲ್ಲದೆ 11 ಹುಡುಗರು ಮಲಗಿದ್ದರಂತೆ.

'ಅಂತೆ' ಅಂತ ಬೇಕಂತಲೇ ಹೇಳ್ತಿದ್ದೀನಿ. ಬರ್ನಾರ್ಡೊ ಈ ಕಥೆಯನ್ನ ಜೀವನಪೂರ್ತಿ ಹೇಳಿದ, ಹೇಳುವಾಗಲೆಲ್ಲ ಒಂದಿಷ್ಟು ಬಣ್ಣ ಬದಲಾಗ್ತಿತ್ತು. ಆದ್ರೆ ಲಂಡನ್‌ನ ಬೀದಿಗಳಲ್ಲಿ, ಚಾವಣಿಗಳ ಮೇಲೆ, ಮಾರುಕಟ್ಟೆಯ ತಾಡಪಾಲಿನ ಕೆಳಗೆ ಸಾವಿರಾರು ಮಕ್ಕಳು ಮಲಗ್ತಿದ್ದರು ಅನ್ನೋದು ಅನುಮಾನವೇ ಇಲ್ಲದ ಸತ್ಯ. ಸರ್ಕಾರ ಏನು ಮಾಡ್ತಿತ್ತು? 1834ರ ಬಡವರ ಕಾಯ್ದೆ ಇತ್ತು. ಅದರ ಪ್ರಕಾರ ನಿರ್ಗತಿಕರು 'ವರ್ಕ್‌ಹೌಸ್'ಗೆ ಹೋಗಬೇಕು. ಅಲ್ಲಿ ಗಂಡನನ್ನ ಒಂದು ಕಡೆ, ಹೆಂಡತಿಯನ್ನ ಒಂದು ಕಡೆ, ಮಕ್ಕಳನ್ನ ಇನ್ನೊಂದು ಕಡೆ ಹಾಕೋರು. ಬಡತನವೇ ಅಪರಾಧ ಅನ್ನೋ ಲೆಕ್ಕ. ಅಲ್ಲಿಗೆ ಹೋಗೋದಕ್ಕಿಂತ ಬೀದಿಯೇ ವಾಸಿ ಅಂತ ಮಕ್ಕಳೂ ತೀರ್ಮಾನ ಮಾಡಿದ್ದರು.

ಚೀನಾ ಪ್ರಯಾಣ ರದ್ದಾಯಿತು. 1870ರಲ್ಲಿ ಸ್ಟೆಪ್ನಿ ಕಾಸ್‌ವೇ ಅನ್ನೋ ಬೀದಿಯಲ್ಲಿ ಬರ್ನಾರ್ಡೊ ಹುಡುಗರಿಗಾಗಿ ಮೊದಲ ಮನೆ ತೆರೆದ. ಊಟ, ಹಾಸಿಗೆ, ಓದು, ಜೊತೆಗೆ ಕಸುಬು. ಬ್ರಷ್ ಕಟ್ಟೋದು, ಬೂಟು ಹೊಲಿಯೋದು, ದರ್ಜಿ ಕೆಲಸ, ಸೌದೆ ಒಡೆಯೋದು. ದುಡ್ಡು ಇದ್ದಷ್ಟೇ ಹುಡುಗರನ್ನ ಸೇರಿಸಿಕೊಳ್ತೀನಿ ಅನ್ನೋದು ಆರಂಭದ ನಿಯಮ. ಲೆಕ್ಕಾಚಾರ ಸರಿಯಾಗೇ ಇತ್ತು. ಒಂದು ರಾತ್ರಿ 11 ವರ್ಷದ ಜಾನ್ ಸಾಮರ್ಸ್ ಅನ್ನೋ ಹುಡುಗ ಬಂದು ಕೇಳಿಕೊಂಡ. ಕೆಂಚು ಕೂದಲಿನ ಹುಡುಗ, ಎಲ್ಲರೂ 'ಕ್ಯಾರೆಟ್ಸ್' ಅಂತ ಕರೀತಿದ್ದರು. ಜಾಗ ಇಲ್ಲ, ಮುಂದಿನ ಸಲ ನೋಡೋಣ ಅಂತ ವಾಪಸ್ ಕಳಿಸಲಾಯಿತು. ಕೆಲವು ದಿನಗಳ ನಂತರ ಆ ಹುಡುಗನ ಶವ ಸಿಕ್ಕಿತು. ಹಸಿವು ಮತ್ತು ಚಳಿ.

ಆಮೇಲೆ ಮನೆಯ ಬಾಗಿಲಿಗೆ ಒಂದು ಫಲಕ ಬಂತು: ಯಾವ ನಿರ್ಗತಿಕ ಮಗುವಿಗೂ ಇಲ್ಲಿ ಪ್ರವೇಶ ನಿರಾಕರಿಸುವುದಿಲ್ಲ. ಬಾಗಿಲು ಹಗಲೂ ರಾತ್ರಿಯೂ ತೆರೆದಿರುತ್ತಿತ್ತು. ಸಾಲ ಆದರೂ ಸರಿ, ಮಗು ವಾಪಸ್ ಹೋಗಬಾರದು. ನನ್ನನ್ನ ಕೇಳಿದರೆ ಆ ಕಾಲದ ಇಂಗ್ಲೆಂಡಿನಲ್ಲಿ ಇದಕ್ಕಿಂತ ದೊಡ್ಡ ಮಾತನ್ನ ಯಾವ ಮಂತ್ರಿಯೂ ಆಡಲಿಲ್ಲ. ಕುಡಿತದ ವಿರುದ್ಧವೂ ಬರ್ನಾರ್ಡೊಗೆ ಹಠ. 1872ರಲ್ಲಿ ಲೈಮ್‌ಹೌಸ್‌ನ 'ಎಡಿನ್‌ಬರೊ ಕ್ಯಾಸಲ್' ಅನ್ನೋ ಕುಖ್ಯಾತ ಹೆಂಡದಂಗಡಿಯನ್ನೇ ಖರೀದಿಸಿ ಕಾಫಿ ಮನೆ ಮತ್ತು ಪ್ರಾರ್ಥನಾ ಮಂದಿರ ಮಾಡಿದ. ಕಾಪರ್‌ಫೀಲ್ಡ್ ರಸ್ತೆಯಲ್ಲಿ ಕಾಲುವೆ ದಡದ ಗೋದಾಮುಗಳನ್ನ 1877ರಲ್ಲಿ ಶಾಲೆ ಮಾಡಿದ. ಅದು ಇವತ್ತು ಮ್ಯೂಸಿಯಂ, ಲಂಡನ್‌ಗೆ ಹೋಗೋ ಕನ್ನಡಿಗರು ಬಕಿಂಗ್‌ಹ್ಯಾಮ್ ಅರಮನೆ ಮುಂದೆ ಸೆಲ್ಫಿ ತಗೊಂಡ ಮೇಲೆ ಅರ್ಧ ದಿನ ಅಲ್ಲಿಗೂ ಹೋಗಿ ಬರಬಹುದು.

ಇಲ್ಲಿಗೆ ನಿಲ್ಲಿಸಿದರೆ ಇದು ಪಠ್ಯಪುಸ್ತಕದ ಪಾಠ. ಆದರೆ ಅದೇ 1877ರಲ್ಲಿ ಇನ್ನೊಂದು ಘಟನೆ ಆಯಿತು.

ಇಷ್ಟೆಲ್ಲ ನಡೆಸೋಕೆ ದುಡ್ಡು ಬೇಕಲ್ಲ? ಬರ್ನಾರ್ಡೊ ಹೊಸ ತಂತ್ರಜ್ಞಾನವೊಂದನ್ನ ಕೈಗೆತ್ತಿಕೊಂಡ. ಅದು ಫೋಟೋಗ್ರಫಿ. 1874ರಲ್ಲಿ ಸ್ಟೆಪ್ನಿಯಲ್ಲೇ ಸ್ಟುಡಿಯೋ ಶುರು. ಮಗು ಬಂದ ದಿನದ ಒಂದು ಫೋಟೋ, ಸುಧಾರಿಸಿದ ಮೇಲಿನ ಒಂದು ಫೋಟೋ. ಒಂದರಲ್ಲಿ ಬರಿಗಾಲು, ಚಿಂದಿ ಬಟ್ಟೆ, ಕೆದರಿದ ಕೂದಲು. ಇನ್ನೊಂದರಲ್ಲಿ ತೊಳೆದ ಮುಖ, ಕೈಯಲ್ಲಿ ಕಸುಬಿನ ಸಾಮಾನು. ಆಗ ಹೇಗಿದ್ದ, ಈಗ ಹೇಗಿದ್ದಾನೆ! ಈ ಕಾರ್ಡುಗಳನ್ನ ಬಿಡಿಯಾಗಿ, ಕಟ್ಟು ಕಟ್ಟಾಗಿ ಮಾರಿದರು. ನೋಡಿದವರ ಕರುಳು ಚುರ್ ಅಂತು. ದೇಣಿಗೆ ಬಂತು.

ಜಾರ್ಜ್ ರೆನಾಲ್ಡ್ಸ್ ಅನ್ನೋ ಇನ್ನೊಬ್ಬ ಕ್ರೈಸ್ತ ಪಾದ್ರಿ ಕರಪತ್ರ ಹೊರಡಿಸಿ ಆರೋಪಗಳ ಸುರಿಮಳೆ ಮಾಡಿದ. ಫೋಟೋಗಳು ನಾಟಕ, ಮಕ್ಕಳ ಬಟ್ಟೆಯನ್ನ ಕ್ಯಾಮೆರಾಕ್ಕೋಸ್ಕರ ಹರಿದಿದ್ದಾರೆ. ಹುಡುಗರನ್ನ ಶಿಕ್ಷೆ ಅಂತ ಒಂಟಿ ಕೋಣೆಯಲ್ಲಿ ಕೂಡಿಹಾಕ್ತಾರೆ. ಲೆಕ್ಕಪತ್ರ ಸರಿ ಇಲ್ಲ. ಕೊನೆಗೆ, ಡಾಕ್ಟರ್ ಬರ್ನಾರ್ಡೊ ಡಾಕ್ಟರೇ ಅಲ್ಲ! ಕೊನೆಯದಂತೂ ನಿಜ. ವೈದ್ಯಕೀಯ ಪದವಿ ಮುಗಿಸದೆ ವರ್ಷಗಟ್ಟಲೆ ಹೆಸರಿನ ಮುಂದೆ 'ಡಾ.' ಹಾಕಿಕೊಂಡು, ಗಲಾಟೆ ಎದ್ದ ಮೇಲೆ 1876ರಲ್ಲಿ ಎಡಿನ್‌ಬರೊಗೆ ಹೋಗಿ ಪರೀಕ್ಷೆ ಪಾಸು ಮಾಡಿ ಬಂದಿದ್ದ.

ವಿಚಾರಣೆ ಮಧ್ಯಸ್ಥಗಾರರ ಮುಂದೆ ನಡೀತು. ಫೋಟೋ ಬಗ್ಗೆ ಬರ್ನಾರ್ಡೊನ ವಾದ ಏನು ಗೊತ್ತಾ? ಈ ಚಿತ್ರ ಈ ಒಬ್ಬ ಮಗುವಿನದಲ್ಲ, ಇಂಥ ಮಕ್ಕಳ ಇಡೀ ವರ್ಗದ ಪ್ರತಿನಿಧಿ ಅಂತ. ನಮ್ಮ ಟಿವಿ ಭಾಷೆಯಲ್ಲಿ ಹೇಳೋದಾದ್ರೆ 'ಸಾಂದರ್ಭಿಕ ಚಿತ್ರ'. ನಾವು ಕನಿಷ್ಠ ಮೂಲೆಯಲ್ಲಿ ಸಣ್ಣ ಅಕ್ಷರದಲ್ಲಿ ಅದನ್ನ ಬರೀತೀವಿ. ಬರ್ನಾರ್ಡೊ ಅದನ್ನೂ ಬರೆದಿರಲಿಲ್ಲ. ಅಕ್ಟೋಬರ್‌ನಲ್ಲಿ ತೀರ್ಪು ಬಂತು. ದೊಡ್ಡ ಆರೋಪಗಳಲ್ಲಿ ಹೆಚ್ಚಿನವು ನಿಲ್ಲಲಿಲ್ಲ, ಸಂಸ್ಥೆ ಉಳೀತು. ಆದರೆ ಫೋಟೋಗಳು ಕಲಾತ್ಮಕ ಕಟ್ಟುಕಥೆ, ಈ ಪದ್ಧತಿ ನಿಲ್ಲಿಸಿ ಅಂದರು ಮಧ್ಯಸ್ಥಗಾರರು.

ಇದನ್ನ ಓದುವಾಗ ನಮ್ಮೂರಿನ ದೃಶ್ಯ ಕಣ್ಣ ಮುಂದೆ ಬರಲ್ವಾ? ನಾಯಕರ ಹುಟ್ಟುಹಬ್ಬ. ಅಭಿಮಾನಿಗಳು ಬ್ರೆಡ್ಡು, ಬಾಳೆಹಣ್ಣು, ಕೇಕು ಹಿಡಿದು ಅನಾಥಾಶ್ರಮಕ್ಕೆ ಹೋಗ್ತಾರೆ. ಮಕ್ಕಳನ್ನ ಸಾಲಾಗಿ ನಿಲ್ಲಿಸಿ, ಬಾಳೆಹಣ್ಣನ್ನ ಕೈಗೆ ಕೊಟ್ಟು, ಬಿಡದೇ ಹಿಡಿದುಕೊಂಡು ಕ್ಯಾಮೆರಾ ಕಡೆ ನೋಡ್ತಾರೆ. ಸಂಜೆಗೆ ಸ್ಟೇಟಸ್. ಇದು ಅಪರಾಧ ಅಂತ ಎಷ್ಟು ಜನರಿಗೆ ಗೊತ್ತಿದೆ? 2015ರ ಬಾಲನ್ಯಾಯ ಕಾಯ್ದೆಯ 74ನೇ ಸೆಕ್ಷನ್ ಪ್ರಕಾರ ಪಾಲನೆ, ರಕ್ಷಣೆ ಬೇಕಿರುವ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗೋ ಹಾಗೆ ಮಾಧ್ಯಮಗಳಲ್ಲಿ ಪ್ರಕಟಿಸೋ ಹಾಗಿಲ್ಲ. ಮೀರಿದರೆ ಆರು ತಿಂಗಳವರೆಗೆ ಜೈಲು, ಇಲ್ಲವೇ ಎರಡು ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಲಂಡನ್‌ನಲ್ಲಿ 1877ರಲ್ಲಿ ಎದ್ದ ಪ್ರಶ್ನೆಗೆ ನಮ್ಮ ಕಾನೂನು ಉತ್ತರ ಬರೆದಿದೆ. ಹುಟ್ಟುಹಬ್ಬದ ಅಭಿಮಾನಿಗಳು ಅದನ್ನ ಓದಿಲ್ಲ.

ಸರಿ, ಫೋಟೋ ವಿಷಯ ಬಿಡಿ. ನನಗೆ ಅದಕ್ಕಿಂತ ಗಂಭೀರ ಅನ್ನಿಸೋದು ಮುಂದಿನದು. ಅನಾಥಾಲಯ ಅಂದರೆ ಅಪ್ಪ ಅಮ್ಮ ಇಲ್ಲದ ಮಕ್ಕಳ ಮನೆ ಅಂತ ನಾವು ಅಂದುಕೊಳ್ತೀವಿ. ಬರ್ನಾರ್ಡೊ ಮನೆಗಳಲ್ಲಿದ್ದ ಬಹುಪಾಲು ಮಕ್ಕಳಿಗೆ ತಂದೆ ಅಥವಾ ತಾಯಿ, ಯಾರಾದರೊಬ್ಬರು ಬದುಕಿದ್ದರು. ಗಂಡ ಸತ್ತು ಹೊಲಿಗೆ ಕೆಲಸದಲ್ಲಿ ಹೊಟ್ಟೆ ಹೊರೆಯೋ ತಾಯಿ. ಹೆಂಡತಿ ಸತ್ತು ಬಂದರಿನಲ್ಲಿ ದಿನಗೂಲಿ ಮಾಡೋ ತಂದೆ. ಒಂದೆರಡು ವರ್ಷ ನೋಡಿಕೊಳ್ಳಿ, ಪರಿಸ್ಥಿತಿ ಸುಧಾರಿಸಿದ ಮೇಲೆ ಕರೆದುಕೊಂಡು ಹೋಗ್ತೀವಿ ಅನ್ನೋ ಲೆಕ್ಕದಲ್ಲಿ ಬಿಟ್ಟು ಹೋದವರು ಎಷ್ಟೋ ಜನ. ಬರ್ನಾರ್ಡೊನ ಲೆಕ್ಕ ಬೇರೆ. ಕುಡುಕ ಅಪ್ಪ, ನಡತೆಗೆಟ್ಟ ಅಮ್ಮ ಅಂತ ತನಗೆ ಅನ್ನಿಸಿದರೆ ಮಗುವನ್ನ ವಾಪಸ್ ಕೊಡದೇ ಇರೋದೇ ಧರ್ಮ ಅಂತ ಆತ ನಂಬಿದ್ದ. ಆ ಕೆಲಸಕ್ಕೆ ಒಂದು ಹೆಸರನ್ನೂ ಇಟ್ಟಿದ್ದ. ಕನ್ನಡದಲ್ಲಿ ಹೇಳೋದಾದರೆ, ಪರೋಪಕಾರದ ಅಪಹರಣ! ಗುಟ್ಟಾಗಿ ಅಲ್ಲ, ಎದೆ ತಟ್ಟಿಕೊಂಡೇ ಹೇಳಿದ.

ನಮ್ಮಲ್ಲಿ ಮಿಷನರಿ ಅಂದ ತಕ್ಷಣ ಚರ್ಚೆ ಮತಾಂತರಕ್ಕೆ ಹೊರಳುತ್ತೆ, ಸ್ಟುಡಿಯೋದಲ್ಲಿ ನಾಲ್ಕು ಜನ ಒಟ್ಟಿಗೆ ಕಿರುಚೋಕೆ ಶುರು ಮಾಡ್ತಾರೆ. ಇಲ್ಲಿ ಜಗಳ ನಡೆದಿದ್ದು ಕ್ರೈಸ್ತರು ಕ್ರೈಸ್ತರ ನಡುವೆ. ಬರ್ನಾರ್ಡೊ ಕಟ್ಟಾ ಪ್ರಾಟೆಸ್ಟೆಂಟ್. ಈಸ್ಟ್ ಎಂಡ್‌ನ ಬಡವರಲ್ಲಿ ಐರ್ಲೆಂಡಿನಿಂದ ಬಂದ ಕ್ಯಾಥಲಿಕರು ಬಹಳ. ನಮ್ಮ ಮಕ್ಕಳಿಗೆ ಅನ್ನ ಹಾಕಿ ಧರ್ಮ ಕಿತ್ತುಕೊಳ್ತಿದ್ದಾರೆ ಅಂತ ಕ್ಯಾಥಲಿಕ್ ಚರ್ಚು ಸಿಟ್ಟಿಗೆದ್ದಿತ್ತು. ಕ್ಯಾಥಲಿಕ್ ತಾಯಂದಿರು ಮಗುವನ್ನ ನಮ್ಮ ಧರ್ಮದ ಮನೆಗೆ ಕಳಿಸಿ ಅಂತ ಕೋರ್ಟಿಗೆ ಹೋದರು. ಹ್ಯಾರಿ ಅನ್ನೋ ಹುಡುಗನ ಪ್ರಕರಣ ಕೇಳಿ. 1888ರಲ್ಲಿ ಬರ್ನಾರ್ಡೊ ಮನೆ ಸೇರಿದ. ತಾಯಿ ಮನಸ್ಸು ಬದಲಿಸಿ, ಮಗನನ್ನ ಕ್ಯಾಥಲಿಕ್ ಸಂಸ್ಥೆಗೆ ಕೊಡಿ ಅಂತ ಪತ್ರ ಬರೆಸಿದಳು. ಅಷ್ಟರಲ್ಲಿ ಬರ್ನಾರ್ಡೊ ಆ ಹುಡುಗನನ್ನ ಕೆನಡಾದಿಂದ ಬಂದಿದ್ದ ಒಬ್ಬ ವ್ಯಕ್ತಿಯ ಕೈಗೆ ಒಪ್ಪಿಸಿಬಿಟ್ಟಿದ್ದ. ಆ ವ್ಯಕ್ತಿಯ ವಿಳಾಸ? ಇಲ್ಲ. ಸಾವಿರಾರು ಮಕ್ಕಳ ಎತ್ತರ, ತೂಕ, ಫೋಟೋ ಎಲ್ಲ ಇಟ್ಟುಕೊಂಡ ಸಂಸ್ಥೆಯಲ್ಲಿ ಈ ಒಂದು ವಿಳಾಸ ಮಾತ್ರ ಇಲ್ಲ! ನ್ಯಾಯಾಲಯ ಮಗುವನ್ನ ಹಾಜರುಪಡಿಸಿ ಅಂದಾಗ ಹಾಜರುಪಡಿಸೋಕೆ ಆಗಲಿಲ್ಲ. ಪ್ರಕರಣ ಬ್ರಿಟನ್ನಿನ ಅತ್ಯುನ್ನತ ಪೀಠವಾಗಿದ್ದ ಹೌಸ್ ಆಫ್ ಲಾರ್ಡ್ಸ್‌ವರೆಗೂ ಹೋಯಿತು. 1892ರಲ್ಲಿ ಅಲ್ಲೂ ಬರ್ನಾರ್ಡೊಗೆ ಸೋಲು. ಅದಕ್ಕೆ ಒಂದು ವರ್ಷ ಮೊದಲು ಇಂಥದ್ದೇ ಇನ್ನೊಂದು ಪ್ರಕರಣದಲ್ಲೂ ತಾಯಿಯ ಪರವಾಗಿಯೇ ತೀರ್ಪಾಗಿತ್ತು.

ಸೋತವನು ಬರ್ನಾರ್ಡೊ, ಗೆದ್ದವರು ತಾಯಂದಿರು ಅಂದುಕೊಳ್ಳಬೇಡಿ. 1891ರಲ್ಲೇ ಪಾರ್ಲಿಮೆಂಟು ಮಕ್ಕಳ ಸುಪರ್ದಿ ಕಾಯ್ದೆ ಮಾಡಿತು. ಮಗುವನ್ನ ಕೈಬಿಟ್ಟ, ನಿರ್ಲಕ್ಷಿಸಿದ ಪೋಷಕರಿಗೆ ಮಗುವನ್ನ ವಾಪಸ್ ಕೊಡದೇ ಇರೋ ಅಧಿಕಾರ ಕೋರ್ಟಿಗೆ ಬಂತು. ಜನ ಅದನ್ನ ಕರೆದಿದ್ದೇ 'ಬರ್ನಾರ್ಡೊ ಕಾಯ್ದೆ' ಅಂತ. ನ್ಯಾಯವಾಗಿ ನೋಡಿದರೆ ಆ ಕಾಯ್ದೆಯಲ್ಲಿ ತಿರುಳಿದೆ. ಮಗುವನ್ನ ಹೊಡೆದು ಬಡಿದು ಭಿಕ್ಷೆಗೆ ಕಳಿಸೋ ಅಪ್ಪನಿಗೆ ಹಕ್ಕು ಯಾಕೆ ಇರಬೇಕು? ಬರ್ನಾರ್ಡೊ ಎತ್ತಿದ ಪ್ರಶ್ನೆ ಸುಳ್ಳಲ್ಲ. ತಾನೇ ಪೊಲೀಸು, ತಾನೇ ವಕೀಲ, ತಾನೇ ಜಡ್ಜು ಆಗಿ ಕೂತಿದ್ದು ತಪ್ಪು. ಇವತ್ತು ನಮ್ಮ ದೇಶದಲ್ಲಿ ಬೀದಿಯಲ್ಲಿ ಸಿಕ್ಕ ಮಗುವನ್ನ ಯಾವ ಆಶ್ರಮವಾಗಲಿ, ಮಠವಾಗಲಿ, ಚರ್ಚಾಗಲಿ ತಾನೇ ಇಟ್ಟುಕೊಳ್ಳೋ ಹಾಗಿಲ್ಲ. 24 ಗಂಟೆಯೊಳಗೆ ಮಕ್ಕಳ ಕಲ್ಯಾಣ ಸಮಿತಿಯ ಮುಂದೆ ಹಾಜರುಪಡಿಸಬೇಕು. ಸಂಸ್ಥೆ ನೋಂದಣಿ ಆಗಿರಲೇಬೇಕು. ಇದನ್ನ ಸರ್ಕಾರಿ ಕಿರಿಕಿರಿ ಅಂತ ಗೊಣಗೋ ಒಳ್ಳೆಯ ಮನಸ್ಸಿನ ಜನರನ್ನ ನಾನು ನೋಡಿದ್ದೀನಿ. ಅವರಿಗೆ ಹ್ಯಾರಿಯ ತಾಯಿಯ ಕಥೆ ಹೇಳಬೇಕು.

ಇನ್ನು ಕೆನಡಾ. ಇಂಗ್ಲೆಂಡಿನ ಬಡ ಮಕ್ಕಳನ್ನ ಹಡಗಿಗೆ ಹತ್ತಿಸಿ ವಸಾಹತುಗಳಿಗೆ ಕಳಿಸೋ ಐಡಿಯಾ ಬರ್ನಾರ್ಡೊದಲ್ಲ. 1869ರಿಂದಲೇ ಮರಿಯಾ ರೈ, ಆನಿ ಮ್ಯಾಕ್‌ಫರ್ಸನ್ ಅನ್ನೋ ಇಬ್ಬರು ಮಹಿಳೆಯರು ಅದನ್ನ ಶುರು ಮಾಡಿದ್ದರು. ಲಂಡನ್‌ನಲ್ಲಿ ಹೊಗೆ, ಹೆಂಡ, ಕಳ್ಳತನ. ಕೆನಡಾದಲ್ಲಿ ವಿಶಾಲ ಹೊಲ, ಶುದ್ಧ ಗಾಳಿ, ದೇವರಿಗೆ ಹೆದರೋ ರೈತ ಕುಟುಂಬಗಳು. ಕೇಳೋಕೆ ಎಷ್ಟು ಚೆನ್ನಾಗಿದೆ! 1874ರಲ್ಲಿ ಸರ್ಕಾರ ಆಂಡ್ರ್ಯೂ ಡಾಯ್ಲ್ ಅನ್ನೋ ಅಧಿಕಾರಿಯನ್ನ ಕೆನಡಾಕ್ಕೆ ಕಳಿಸಿತು. ಆತ ಹೊಲ ಹೊಲ ಸುತ್ತಿ, ಮಕ್ಕಳನ್ನ ಮಾತಾಡಿಸಿ ಬಂದು 1875ರಲ್ಲಿ ವರದಿ ಕೊಟ್ಟ. ಮಕ್ಕಳನ್ನ ಬಿಟ್ಟು ಬಂದ ಮೇಲೆ ಅವರು ಹೇಗಿದ್ದಾರೆ ಅಂತ ನೋಡೋರೇ ಇಲ್ಲ ಅಂತ ಬರೆದ. ದತ್ತು ಅಂದರೆ ಏನು ಅಂತ ಕೇಳಿದ್ದಕ್ಕೆ ಒಂದು ಮಗು, ಸಂಬಳ ಕೊಡದೇ ದುಡಿಸಿಕೊಳ್ಳೋದು ಅಂತ ಉತ್ತರ ಕೊಟ್ಟಿದ್ದು ಅದೇ ವರದಿಯಲ್ಲಿದೆ. ಅಂದರೆ ಬರ್ನಾರ್ಡೊ 1882ರಲ್ಲಿ ತನ್ನ ಮೊದಲ ತಂಡವನ್ನ ಕಳಿಸೋ ಏಳು ವರ್ಷ ಮೊದಲೇ ಸತ್ಯ ಮೇಜಿನ ಮೇಲಿತ್ತು. ವರದಿಗಳ ಹಣೆಬರಹ ಎಲ್ಲ ದೇಶದಲ್ಲೂ ಒಂದೇ.

ಒಂದೊಂದು ಮಗುವಿಗೂ ಒಂದು ಪೆಟ್ಟಿಗೆ. ಅದರಲ್ಲಿ ಬಟ್ಟೆ, ಒಂದು ಬೈಬಲ್. ಲಿವರ್‌ಪೂಲ್ ಬಂದರಿನಿಂದ ಹಡಗು, ಅಲ್ಲಿಂದ ರೈಲು, ರೈಲಿಳಿದ ಮೇಲೆ ಗಾಡಿ ತಂದ ಅಪರಿಚಿತ ರೈತ. ಹುಡುಗರು ದನ ಕಾಯ್ದರು, ಕಲ್ಲು ಆಯ್ದರು, ಮರ ಕಡಿದರು. ಒಳ್ಳೆಯ ಮನೆ ಸಿಕ್ಕಿದವರು ಇದ್ದರು. ಮಗನ ಥರ ನೋಡಿಕೊಂಡು ಹೊಲ ಬರೆದುಕೊಟ್ಟವರೂ ಇದ್ದರು. ಇದನ್ನ ಮುಚ್ಚಿಡಬಾರದು. ಕೊಟ್ಟಿಗೆಯಲ್ಲಿ ಮಲಗಿಸಿ, ಚಾಟಿಯಲ್ಲಿ ಹೊಡೆದು, ಶಾಲೆಗೆ ಕಳಿಸದವರೂ ಇದ್ದರು. ಜಾರ್ಜ್ ಗ್ರೀನ್ ಅನ್ನೋ ಬರ್ನಾರ್ಡೊ ಹುಡುಗ 1895ರಲ್ಲಿ ಒಂಟಾರಿಯೋದ ಒಂದು ಹೊಲಕ್ಕೆ ಬಂದು, ಅದೇ ವರ್ಷ ನವೆಂಬರ್‌ನಲ್ಲಿ ಸತ್ತ. ಹೊಲದ ಒಡತಿಯ ಮೇಲೆ ಮೊಕದ್ದಮೆ ನಡೀತು. ಜ್ಯೂರಿಯಲ್ಲಿ ಒಮ್ಮತ ಬರಲಿಲ್ಲ, ಶಿಕ್ಷೆಯೂ ಆಗಲಿಲ್ಲ. ಕೆನಡಾದ ಪತ್ರಿಕೆಗಳಲ್ಲಿ ಚರ್ಚೆ ಏನಾಯ್ತು ಗೊತ್ತಾ? ಇಂಥ ರೋಗಿಷ್ಠ, ಕೀಳು ತಳಿಯ ಹುಡುಗರನ್ನ ನಮ್ಮ ದೇಶಕ್ಕೆ ಯಾಕೆ ಕಳಿಸ್ತಾರೆ ಅಂತ! 'ಹೋಮ್ ಬಾಯ್' ಅನ್ನೋದು ಅಲ್ಲಿ ಬೈಗುಳವಾಯಿತು.

ಬೇರೆ ಬೇರೆ ಸಂಸ್ಥೆಗಳು ಸೇರಿ ಕೆನಡಾಕ್ಕೆ ಹೀಗೆ ಕಳಿಸಿದ್ದು ಒಂದು ಲಕ್ಷಕ್ಕೂ ಹೆಚ್ಚು ಮಕ್ಕಳನ್ನ. ಅದರಲ್ಲಿ ಸುಮಾರು 30,000 ಮಕ್ಕಳು ಬರ್ನಾರ್ಡೊ ಮನೆಗಳಿಂದ ಹೋದವರು. 1920ರ ದಶಕದಿಂದ ಆಸ್ಟ್ರೇಲಿಯಾಕ್ಕೂ ಕಳಿಸಿದರು. ಹಡಗು ಹತ್ತೋ ಮುಂಚೆ ಹುಡುಗರನ್ನ ಕೇಳಿದರಾ? ಕೇಳಿದ್ದುಂಟು. ಕೆನಡಾಕ್ಕೆ ಹೋಗ್ತೀಯಾ ಅಂದರೆ ಹತ್ತು ವರ್ಷದ ಹುಡುಗ ಬೇಡ ಅಂತಾನಾ? ಕುದುರೆ ಸವಾರಿ ಇದೆ ಅಂದ್ರೆ ಹೂಂ ಅಂತಾನೆ. ವಾಪಸ್ ಬರಬೇಕು ಅನ್ನಿಸಿದರೆ ದಾರಿ ಯಾವುದು ಅಂತ ಯಾರೂ ಹೇಳಿರಲಿಲ್ಲ. ಯಾಕಂದ್ರೆ ವಾಪಸ್ ದಾರಿಯೇ ಇರಲಿಲ್ಲ.

ಇಲ್ಲೊಂದು ಹೋಲಿಕೆ ನನ್ನ ತಲೆಯಿಂದ ಹೋಗಲ್ಲ. ನಮ್ಮ ತುಮಕೂರಿನ ಸಿದ್ಧಗಂಗೆಯಲ್ಲಿ ಸಾವಿರಾರು ಬಡ ಹುಡುಗರು ಅನ್ನ, ಅಕ್ಷರ, ಆಶ್ರಯ ಪಡೆದು ಬೆಳೆದರು, ಬೆಳೀತಿದ್ದಾರೆ. ಅಪ್ಪ ಅಮ್ಮನೇ ಟ್ರಂಕು ಹೊತ್ತು ತಂದು ಬಿಟ್ಟು ಹೋಗ್ತಾರೆ. ರಜೆ ಬಂದರೆ ಹುಡುಗ ಅದೇ ಟ್ರಂಕು ಹಿಡಿದು ಬಸ್ಸು ಹತ್ತಿ ಊರಿಗೆ ಹೋಗ್ತಾನೆ. ಮಠ ಅವನ ಊರನ್ನ ಕಿತ್ತುಕೊಳ್ಳಲಿಲ್ಲ. ಬರ್ನಾರ್ಡೊ ಹುಡುಗನ ಕೈಯಲ್ಲೂ ಟ್ರಂಕು ಇತ್ತು. ಅದಕ್ಕೆ ಒಂದೇ ಕಡೆಯ ಟಿಕೆಟ್ಟು.

ಬರ್ನಾರ್ಡೊ ಸತ್ತಿದ್ದು 1905ರ ಸೆಪ್ಟೆಂಬರ್ 19ಕ್ಕೆ. ವಯಸ್ಸು 60. ಆ ದಿನ ಆತನ ಮನೆಗಳಲ್ಲಿ 8,000ಕ್ಕೂ ಹೆಚ್ಚು ಮಕ್ಕಳಿದ್ದರು. ಆತನ ಜೀವಿತದಲ್ಲಿ ಆಶ್ರಯ ಪಡೆದವರು ಸುಮಾರು 60,000. ಈಸ್ಟ್ ಎಂಡ್‌ನ ಬಡವರು ಬೀದಿಯ ಎರಡೂ ಬದಿ ನಿಂತು ಆ ಶವಯಾತ್ರೆ ನೋಡಿದರು. ಆ ಜನ ಮೂರ್ಖರಲ್ಲ. ಚಾವಣಿಯ ಮೇಲೆ ಮಲಗೋದು ಅಂದರೇನು ಅಂತ ಅವರಿಗೆ ಗೊತ್ತಿತ್ತು.

ಹಡಗುಗಳು ನಿಲ್ಲೋಕೆ ಇನ್ನೂ ದಶಕಗಳೇ ಬೇಕಾಯಿತು. 1924ರಲ್ಲಿ ಇನ್ನೊಂದು ಬ್ರಿಟಿಷ್ ತಂಡ ಕೆನಡಾ ಸುತ್ತಿ ಬಂತು. ಶಾಲೆ ಬಿಡೋ ವಯಸ್ಸು ಆಗದ ಮಕ್ಕಳನ್ನ ಒಂಟಿಯಾಗಿ ಕಳಿಸಬೇಡಿ ಅಂದಿತು. ಮಾರನೇ ವರ್ಷ ಕೆನಡಾ 14 ವರ್ಷದೊಳಗಿನವರಿಗೆ ಬಾಗಿಲು ಹಾಕಿತು. ಆಸ್ಟ್ರೇಲಿಯಾಕ್ಕೆ ಕಳಿಸೋದು ಎರಡನೇ ಮಹಾಯುದ್ಧದ ನಂತರವೂ ಮುಂದುವರೀತು. ಅಲ್ಲಿಯ ಸಂಸ್ಥೆಗಳಲ್ಲಿ ಮಕ್ಕಳಿಗೆ ಆದ ಅನಾಹುತ ಜಗತ್ತಿಗೆ ಗೊತ್ತಾಗಿದ್ದು ನಾಟಿಂಗ್‌ಹ್ಯಾಮ್‌ನ ಮಾರ್ಗರೆಟ್ ಹಂಫ್ರಿಸ್ ಅನ್ನೋ ಸಮಾಜ ಕಾರ್ಯಕರ್ತೆಯಿಂದ. 1986ರಲ್ಲಿ ಆಕೆಗೆ ಆಸ್ಟ್ರೇಲಿಯಾದಿಂದ ಒಬ್ಬ ಮಹಿಳೆಯ ಪತ್ರ ಬಂತು. ನಾಲ್ಕು ವರ್ಷದವಳಿದ್ದಾಗ ನನ್ನನ್ನ ಹಡಗಿಗೆ ಹತ್ತಿಸಿದರು, ನಾನು ಯಾರು ಅಂತ ಹುಡುಕಿ ಕೊಡ್ತೀರಾ ಅನ್ನೋದು ಅದರ ಸಾರ. ಹುಡುಕುತ್ತಾ ಹೋದರೆ ಸಾವಿರಾರು ಜನ. ಎಷ್ಟೋ ಮಕ್ಕಳಿಗೆ ನಿಮ್ಮ ಅಪ್ಪ ಅಮ್ಮ ಸತ್ತಿದ್ದಾರೆ ಅಂತ ಹೇಳಲಾಗಿತ್ತು. ಸತ್ತಿರಲಿಲ್ಲ. 2009ರ ನವೆಂಬರ್ 16ರಂದು ಆಸ್ಟ್ರೇಲಿಯಾ ಪ್ರಧಾನಿ ಕೆವಿನ್ ರಡ್ ಕ್ಷಮೆ ಕೇಳಿದರು. 2010ರ ಫೆಬ್ರವರಿ 24ರಂದು ಬ್ರಿಟನ್ ಪ್ರಧಾನಿ ಗಾರ್ಡನ್ ಬ್ರೌನ್ ಕೇಳಿದರು. ಕೆನಡಾದ ಸಂಸತ್ತು 2017ರಲ್ಲಿ ನಿರ್ಣಯ ಮಾಡಿ ಕ್ಷಮೆ ಕೇಳಿತು. ಕ್ಷಮೆ ಕೇಳಿಸಿಕೊಳ್ಳಬೇಕಾದವರಲ್ಲಿ ಹೆಚ್ಚಿನವರು ಅಷ್ಟೊತ್ತಿಗೆ ಇರಲಿಲ್ಲ.

ಈ ಪಾಠ ಕಲಿತ ಆಸ್ಟ್ರೇಲಿಯಾ 2018ರಲ್ಲಿ ಒಂದು ದೊಡ್ಡ ಹೆಜ್ಜೆ ಇಟ್ಟಿತು. ಬಡ ದೇಶಗಳಲ್ಲಿ ವಿದೇಶಿ ಸ್ವಯಂಸೇವಕರಿಗೋಸ್ಕರ, ಅವರು ತರೋ ದೇಣಿಗೆಗೋಸ್ಕರ ಮಕ್ಕಳನ್ನ ಕುಟುಂಬದಿಂದ ತಂದು ಅನಾಥಾಲಯ ತುಂಬಿಸೋದು ಆಧುನಿಕ ಗುಲಾಮಗಿರಿಯ ಒಂದು ರೂಪ ಅಂತ ಗುರುತಿಸಿದ ಮೊದಲ ದೇಶ ಅದು. ಕಾಂಬೋಡಿಯಾದಲ್ಲಿ ಪ್ರವಾಸಿಗರು ಹೆಚ್ಚಿದ ಹಾಗೆ ಅನಾಥಾಲಯಗಳೂ ಹೆಚ್ಚಿದವು. ಒಳಗಿದ್ದ ಮಕ್ಕಳಲ್ಲಿ ಸುಮಾರು ನಾಲ್ವರಲ್ಲಿ ಮೂವರಿಗೆ ತಂದೆಯೋ ತಾಯಿಯೋ ಬದುಕಿದ್ದರು. ಅಲ್ಲಿಗೆ ಹೋದ ಹುಡುಗ ಹುಡುಗಿಯರ ಮನಸ್ಸು ಕೆಟ್ಟದಾಗಿತ್ತಾ? ಖಂಡಿತ ಇಲ್ಲ. ಬರ್ನಾರ್ಡೊನ ಮನಸ್ಸೂ ಕೆಟ್ಟದಾಗಿರಲಿಲ್ಲ. ಎರಡು ವಾರ ಮಗುವನ್ನ ತೊಡೆ ಮೇಲೆ ಕೂರಿಸಿಕೊಂಡು, ಅಣ್ಣ ಅಕ್ಕ ಅನ್ನಿಸಿಕೊಂಡು, ಕಣ್ಣೀರು ಹಾಕಿ ವಿಮಾನ ಹತ್ತೋರು ಹತ್ತುತ್ತಾರೆ. ಮುಂದಿನ ವಾರ ಇನ್ನೊಬ್ಬ ಅಣ್ಣ ಬರ್ತಾನೆ. ಮಗು ಪ್ರತಿಸಲವೂ ಹೊಸದಾಗಿ ಅಂಟಿಕೊಂಡು, ಹೊಸದಾಗಿ ಕಳೆದುಕೊಳ್ಳುತ್ತೆ.

ಬರ್ನಾರ್ಡೊ ಸಂಸ್ಥೆ ಇವತ್ತಿಗೂ ಇದೆ. ಅನಾಥಾಲಯ ನಡೆಸೋದನ್ನ ಬಿಟ್ಟು ದಶಕಗಳಾದವು. ಈಗ ಮಕ್ಕಳು ಮನೆಯಲ್ಲೇ ಉಳಿಯೋ ಹಾಗೆ ಕುಟುಂಬಗಳಿಗೆ ನೆರವಾಗೋದು, ಸಾಕು ಕುಟುಂಬ ಹುಡುಕಿಕೊಡೋದು ಅದರ ಕೆಲಸ. ಇನ್ನೊಂದು ಕೆಲಸವೂ ಇದೆ. 1874ರಿಂದ 1905ರವರೆಗೆ ಆ ಸ್ಟುಡಿಯೋದಲ್ಲಿ ತೆಗೆದ ಫೋಟೋಗಳು ಸುಮಾರು 55,000. ತೀರ್ಪಿನ ನಂತರ ನಾಟಕದ ಜೋಡಿ ಚಿತ್ರ ನಿಂತಿತು, ದಾಖಲೆಗೆ ಅಂತ ತೆಗೆಯೋ ಮುಖದ ಚಿತ್ರ ನಿಲ್ಲಲಿಲ್ಲ. ಕೆನಡಾಕ್ಕೆ ಹೋದ ಹುಡುಗರಲ್ಲಿ ಎಷ್ಟೋ ಜನ ಹೋಮ್ ಬಾಯ್ ಅನ್ನಿಸಿಕೊಳ್ಳೋ ಅವಮಾನಕ್ಕೆ ಹೆದರಿ ಕಟ್ಟಿಕೊಂಡ ಹೆಂಡತಿಗೂ, ಹುಟ್ಟಿದ ಮಕ್ಕಳಿಗೂ ತಾವು ಎಲ್ಲಿಂದ ಬಂದೆವು ಅಂತ ಹೇಳಲಿಲ್ಲ. ಹಾಗೇ ತೀರಿಕೊಂಡರು. ಈಗ ಮೊಮ್ಮಕ್ಕಳು, ಮರಿಮಕ್ಕಳು ಲಂಡನ್‌ಗೆ ಅರ್ಜಿ ಬರೀತಾರೆ. ಸಂಸ್ಥೆ ಕಡತ ಹುಡುಕಿ ಕಳಿಸುತ್ತೆ. ಅದರಲ್ಲಿ ಮಗು ಸೇರಿದ ದಿನಾಂಕ, ಬಿಟ್ಟು ಹೋದವರ ಹೆಸರು, ಹಡಗು ಹತ್ತಿದ ವಿವರ. ಸಿಕ್ಕರೆ ಒಂದು ಫೋಟೋ. ಒಂಟಾರಿಯೋದ ಯಾವುದೋ ಊರಲ್ಲಿ ನಿವೃತ್ತರಾದ ಒಬ್ಬರು ಲಕೋಟೆ ಒಡೆದು, ತಾವು ಬೆಳ್ಳಿಗೂದಲಲ್ಲಿ ಮಾತ್ರ ನೋಡಿದ್ದ ತಾತನನ್ನ ಒಂಬತ್ತು ವರ್ಷದ ಹುಡುಗನಾಗಿ ನೋಡ್ತಾರೆ.